ಎಣಿಕೆಯ ವಾರ

ಫೆಬ್ರವರಿ 3

ಮಾನ್ಯ ನಗರಸಭಾ ಸದಸ್ಯರಿಗೆ,

ಮೇಲಿನ ಬೀದಿಯ ದರ್ಜಿ ಮಾಡಿಕೊಳ್ಳುವ ಅರ್ಜಿ.

ನಾನು ತಮಗೆ ಅಪರಿಚಿತಳೇನಲ್ಲ, ತಮ್ಮನ್ನು ಹೆತ್ತವಳು. ಆದರೂ ಇದು ತಾಯಿ ಮಗಳಿಗೆ ಬರೆದ ಕಾಗದವಲ್ಲ. ಒಬ್ಬ ನಾಗರಿಕಳು ತನ್ನ ವಾರ್ಡಿನ ಸದಸ್ಯೆಗೆ ಕೊಟ್ಟ ಅರ್ಜಿ. ನಗರಸಭೆಯ ಬಾಗಿಲ ಪಕ್ಕದ ಫಲಕವನ್ನು ನಾನು ನಿಂತು ಓದಿ ಬಂದಿದ್ದೇನೆ. ಲಿಖಿತ ಅರ್ಜಿಗೆ ಆಯಾ ವಾರ್ಡಿನ ಸದಸ್ಯರು ಒಂದು ತಿಂಗಳೊಳಗೆ ಲಿಖಿತವಾಗಿಯೇ ಉತ್ತರ ಕೊಡತಕ್ಕದ್ದು ಎಂದು ಅದರಲ್ಲಿದೆ. ಫೋನಿನಲ್ಲಿ ‘ಮೀಟಿಂಗಲ್ಲಿದೀನಮ್ಮ, ಆಮೇಲೆ ಮಾಡ್ತೀನಿ’ ಎಂದು ಜಾರಿಕೊಂಡ ಹಾಗೆ ಇಲ್ಲಿ ಜಾರಿಕೊಳ್ಳಲು ಬರುವುದಿಲ್ಲ.

ವಿಷಯ ತಮಗೆ ಗೊತ್ತಿರುವುದೇ. ನಮ್ಮ ಬೀದಿಗೆ ಬಸ್ಸು ಬರುವುದು ನಿಂತಿದೆ. ನಿಲ್ಲಿಸಬೇಕೆಂದು ಸಭೆಯಲ್ಲಿ ಕೈ ಎತ್ತಿದವರಲ್ಲಿ ತಾವೂ ಒಬ್ಬರು. ಈಗ ಅದು ಏರಿನ ಬುಡದವರೆಗೆ ಬಂದು, ಮೇಲೆ ನಾವೆಲ್ಲ ಸತ್ತೇ ಹೋಗಿದ್ದೇವೆ ಎನ್ನುವಂತೆ ತಿರುಗಿಕೊಂಡು ಹೋಗುತ್ತದೆ. ನನ್ನ ಅಂಗಡಿಯ ಎದುರಿನ ನಿಲ್ದಾಣ ಮಾತ್ರ ಸೂರು, ಬೆಂಚು, ಬೋರ್ಡಿನ ಸಮೇತ ಹಾಗೇ ನಿಂತಿದೆ. ಮೂಲೆಮನೆ ಅಜ್ಜಿ ಹಳೆಯ ಬಸ್ಸಿನ ಹೊತ್ತಿಗೆ ಸರಿಯಾಗಿ ಚೀಲ ಹಿಡಿದು ಬಂದು ಕೂರುತ್ತಾಳೆ. ‘ಬಸ್ಸು ಬರಲ್ಲ ಅಜ್ಜಿ’ ಅಂದರೆ, ‘ಗೊತ್ತು ಕಣೇ. ನಾನು ಕೂತಿರೋದು ಬೆಂಚಿನ ಮೇಲೆ, ಬಸ್ಸಿನ ಮೇಲಲ್ವಲ್ಲ’ ಅನ್ನುತ್ತಾಳೆ. ನಗು ಬರುತ್ತದೆ, ನಿಜ. ಆದರೆ ಅವಳು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಿದ್ದಾಳೆ. ಇಳಿಯಬಹುದು, ವಾಪಸ್ಸು ಹತ್ತುವುದು ಹೇಗೆ ಎಂದು ಕೇಳುತ್ತಾಳೆ. ಇದಕ್ಕೆ ನಗರಸಭೆಯ ಉತ್ತರ ಏನೆಂದು ತಿಳಿಯಬಯಸುತ್ತೇನೆ.

ಬಸ್ಸು ನಿಂತ ದಿನ ಅಂಗಡಿಯ ಹೊಸ್ತಿಲಲ್ಲಿ ನಿಂತು ನಾನು ತಮಗೆ ಹೇಳಿದ ಮಾತು ಹಾಗೇ ಇದೆ. ‘ಬಸ್ಸು ಈ ಏರು ಹತ್ತಿದ ದಿನ ನೀನೂ ಹತ್ತು. ಅಲ್ಲೀತನಕ ನಿನ್ನ ಮುಖ ತೋರಿಸ್ಬೇಡ.’ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಇಂತಿ,
ಅರ್ಜಿದಾರಳು

ವಿ.ಸೂ.: ನಿನ್ನ ಹಸಿರು ಕೋಟಿಗೆ ಹೊಸ ಒಳಪದರ ಹಾಕಿ ಇಟ್ಟಿದ್ದೇನೆ. ಇದು ಅರ್ಜಿಯ ಭಾಗವಲ್ಲ, ಉತ್ತರ ಬೇಕಿಲ್ಲ.

*

ಫೆಬ್ರವರಿ 24

ಮಾನ್ಯ ಅರ್ಜಿದಾರರಿಗೆ,

ತಮ್ಮ ಅರ್ಜಿ ತಲುಪಿದೆ. ಗುಮಾಸ್ತರು ಅದಕ್ಕೆ ಮೊಹರು ಒತ್ತಿ, ‘ಮೇಡಂ, ವಿಶೇಷ ಸೂಚನೇಲಿ ಕೋಟಿನ ವಿಷಯ ಇದೆಯಲ್ಲ, ಅದು ಯಾವ ಇಲಾಖೆಗೆ ಹೋಗ್ಬೇಕು?’ ಎಂದು ಎಲ್ಲರ ಎದುರು ಕೇಳಿದರು. ನಾನು ತಲೆ ಎತ್ತಲಿಲ್ಲ.

ಈಗ ಉತ್ತರ. ನಗರಸಭೆಯ ಬಳಿ ಇರುವುದು ಕೆಲವೇ ಬಸ್ಸುಗಳು. ಹೊಳೆಯಾಚೆಯ ಹೊಸ ಬಡಾವಣೆಯ ಮಕ್ಕಳು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಶಾಲೆಗೆ ಹೋಗುತ್ತಿದ್ದರು. ಒಂದು ಹುಡುಗಿ ಬಿದ್ದು ಕೈ ಮುರಿದುಕೊಂಡಳು. ಅವರಿಗೆ ಇನ್ನೊಂದು ಬಸ್ಸು ಕೊಡಲೇಬೇಕಿತ್ತು, ಅಂದರೆ ಎಲ್ಲಿಂದಲಾದರೂ ತೆಗೆಯಲೇಬೇಕಿತ್ತು. ಅದಕ್ಕೆಂದೇ ಎಲ್ಲ ನಿಲ್ದಾಣಗಳಲ್ಲೂ ಒಂದು ವಾರ ಜನರನ್ನು ಎಣಿಸಿದ್ದು. ಮೇಲಿನ ಬೀದಿಯಲ್ಲಿ ಇಡೀ ವಾರ ಬಸ್ಸು ಹತ್ತಿದವರು ಇಲ್ಲವೆನ್ನುವಷ್ಟು ಕಡಿಮೆ. ನನಗೇ ನಂಬಿಕೆ ಬರಲಿಲ್ಲ. ಎಣಿಸಿದವರನ್ನು ಕರೆಸಿ ಕೇಳಿದೆ. ‘ಇದ್ದಿದ್ರೆ ಬರೀತಿದ್ದೆ ಮೇಡಂ’ ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

ಆಮೇಲೆ ನಾನೇನು ಮಾಡಬೇಕಿತ್ತು? ನನ್ನ ಬೀದಿ, ನನ್ನ ಅಮ್ಮನ ಅಂಗಡಿ ಎಂದು ಆ ನಿಲ್ದಾಣ ಉಳಿಸಿ, ಇನ್ನೊಬ್ಬರ ಬೀದಿಯ ಬಸ್ಸಿಗೆ ಕತ್ತರಿ ಹಾಕಬೇಕಿತ್ತೇ? ಹಾಗೆ ಮಾಡಿದ್ದರೆ ಮೊದಲು ಕಿವಿ ಹಿಂಡುತ್ತಿದ್ದವಳು ನೀನೇ. ತಪ್ಪಾಯಿತು, ತಾವೇ. ಕೈ ಎತ್ತುವಾಗ ತಮ್ಮ ಅಂಗಡಿಯೇ ನನ್ನ ಕಣ್ಣ ಮುಂದಿತ್ತು. ಆದರೂ ಎತ್ತಿದೆ. ಇವತ್ತು ಕೇಳಿದರೂ ಎತ್ತುತ್ತೇನೆ.

ಮೂಲೆಮನೆ ಅಜ್ಜಿಗೆ ಆಸ್ಪತ್ರೆಯ ಗಾಡಿ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ.

ತಮ್ಮ ವಿಶ್ವಾಸಿ,
ವಾರ್ಡ್ ಸದಸ್ಯೆ

ವಿ.ಸೂ.: ಮಂಡಿನೋವು ಹೇಗಿದೆ? ಇದಕ್ಕೆ ಉತ್ತರ ಬೇಕು.

*

ಮಾರ್ಚ್ 9

ಮಾನ್ಯ ಸದಸ್ಯರಿಗೆ,

ತಮ್ಮ ಉತ್ತರ ಓದಿ ಮೈಯೆಲ್ಲ ಉರಿಯಿತು. ಹೊಲಿಗೆಯ ಮಧ್ಯೆ ಸೂಜಿ ಮುರಿಯಿತು. ಜನ ಇರಲಿಲ್ಲವಂತೆ! ಎಣಿಸಲು ಬಂದಿದ್ದ ಆ ಕನ್ನಡಕದವನು ನನ್ನ ಅಂಗಡಿಯ ಟೀ ಕುಡಿದು, ನನ್ನ ಕುರ್ಚಿಯಲ್ಲಿ ಕೂತು, ಹೋಗಿ ಹೀಗೆ ಬರೆದನೇ?

ಅವನನ್ನು ನಾವು ಹೇಗೆ ನೋಡಿಕೊಂಡೆವು ಎಂದು ತಮಗೆ ಗೊತ್ತಿರಲಿಕ್ಕಿಲ್ಲ, ಕೇಳಿ. ನಿಲ್ದಾಣದ ಕಂಬಕ್ಕೆ ನಿಮ್ಮವರು ಒಂದು ಚೀಟಿ ಅಂಟಿಸಿದ್ದರು, ಬರುವ ವಾರ ನಗರಸಭೆಯಿಂದ ನಿಲ್ದಾಣದ ಪರಿಶೀಲನೆ ಎಂದು. ಅಷ್ಟೇ ಇತ್ತು. ನೋಡಿದ ತಕ್ಷಣ ನಾನು ಬೀದಿಯನ್ನೆಲ್ಲ ಸೇರಿಸಿದೆ. ನನ್ನ ಮಗಳು ಸಭೆಗೆ ಆರಿಸಿಹೋದ ಮೇಲೆ ನಮ್ಮ ಬೀದಿಗೆ ಬರುತ್ತಿರುವ ಮೊದಲ ಅಧಿಕಾರಿ ಅವನು. ಅವನ ಕಣ್ಣಿಗೆ ನಾವು ಹೇಗೆ ಕಾಣಬೇಕು? ಬೆಂಚನ್ನು ಸೋಡಾಪುಡಿ ಹಾಕಿ ಉಜ್ಜಿಸಿದೆ. ಸೂರಿನ ಜೇಡರಬಲೆ ತೆಗೆಸಿದೆ. ಕಂಬಕ್ಕೆ ಬಣ್ಣ ಹೊಡೆಸಿದೆ. ಬೆಂಚಿಗೆ ಒಂದು ದಿಂಬು ಹೊಲಿದು ಹಾಕಿದೆ, ಪರದೆ ಬಟ್ಟೆಯಲ್ಲಿ, ಅಂಚಿಗೆ ಪಟ್ಟಿ ಇಟ್ಟು.

ಆಮೇಲೆ ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದೆ: ‘ನೋಡ್ರಪ್ಪ, ನನ್ನ ಮಗಳ ಕಡೆಯವರು ಬರ್ತಿದಾರೆ. ದಿನಾ ಮಾಡೋ ಹಾಗೆ ನೂಕಾಡ್ಕೊಂಡು, ಕಿರುಚಾಡ್ಕೊಂಡು ಮಾನ ಕಳೀಬೇಡಿ. ಒಂದು ವಾರ ಎಲ್ರೂ ಏರು ಇಳಿದು ಹೋಗಿ, ಕೆಳಗಡೆ ಬಸ್ಸು ಹತ್ಕೊಳ್ಳಿ. ಕಾಲೇನೂ ಸವೆದುಹೋಗಲ್ಲ. ಅವರು ಆರಾಮಾಗಿ ನೋಡ್ಕೊಂಡು ಹೋಗ್ಲಿ.’ ಒಬ್ಬರೂ ಎದುರು ಮಾತಾಡಲಿಲ್ಲ. ಮೂಲೆಮನೆ ಅಜ್ಜಿ ಕೂಡ ಇಡೀ ವಾರ ಮನೆ ಬಿಟ್ಟು ಆಚೆ ಬರಲಿಲ್ಲ. ನಿಲ್ದಾಣ ಫೋಟೋದಲ್ಲಿ ಇರುವ ಹಾಗೆ ಕಾಣುತ್ತಿತ್ತು. ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಬರೆಯಲಾರೆ.

ಇಷ್ಟು ಮರ್ಯಾದೆ ಕೊಟ್ಟ ಬೀದಿಯಲ್ಲಿ ಜನವೇ ಇಲ್ಲ ಎಂದು ಬರೆದವನ ಮಾತಿಗೆ ತಾವು ಸೊಪ್ಪು ಹಾಕಿದಿರಿ. ಹೆತ್ತ ತಾಯಿ ಅಲ್ಲೇ ಅಂಗಡಿಯಲ್ಲಿ ಕೂತಿದ್ದಳು, ಅವಳನ್ನು ಕೇಳಬೇಕು ಅನಿಸಲಿಲ್ಲ. ಇದಕ್ಕೆ ಉತ್ತರ ಕೊಡಿ.

ಇಂತಿ,
ಅರ್ಜಿದಾರಳು

ವಿ.ಸೂ.: ಮಂಡಿ ಇದ್ದ ಹಾಗೇ ಇದೆ. ಏರು ಹತ್ತುವಾಗ ಮಾತ್ರ ಅದಕ್ಕೂ ನಗರಸಭೆಯ ನೆನಪು ಬರುತ್ತದೆ.

*

ಏಪ್ರಿಲ್ 12

ಮಾನ್ಯ ಸದಸ್ಯರಿಗೆ,

ತಿಂಗಳು ಮೀರಿದೆ. ಉತ್ತರ ಬಂದಿಲ್ಲ. ನಿಮ್ಮದೇ ನಿಯಮವನ್ನು ನೀವೇ ಗಾಳಿಗೆ ತೂರಿದ್ದೀರಿ. ಅಧ್ಯಕ್ಷರಿಗೆ ಬರೆಯಬಹುದಿತ್ತು, ಬರೆದಿಲ್ಲ. ನಿನ್ನ ಹೆಸರು ಕೆಡುತ್ತದೆ ಎಂದಲ್ಲ, ಪೆನ್ನಿನಲ್ಲಿ ಶಾಯಿ ಇರಲಿಲ್ಲ.

ಹುಷಾರಾಗಿದ್ದೀಯಾ ತಾನೇ?

ಅರ್ಜಿದಾರಳು

*

ಏಪ್ರಿಲ್ 15

ಅಮ್ಮಾ,

ಹುಷಾರಾಗಿದ್ದೇನೆ. ಈ ಸಲ ಮೊಹರಿಲ್ಲ, ಇದು ನಗರಸಭೆಯ ಕಾಗದವಲ್ಲ.

ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಕಚೇರಿಯಲ್ಲಿ ನಿಂತುಕೊಂಡೇ ಓದಿದೆ. ಓದುತ್ತಾ ಓದುತ್ತಾ ಕೂತೆ. ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗುಮಾಸ್ತರು ನೀರು ತಂದುಕೊಟ್ಟರು. ಆಮೇಲೆ ನಗು ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ನಿನಗೆ ಹೇಗೆ ಬರೆಯಲಿ ಎಂದು ಯೋಚಿಸುತ್ತಲೇ ಇದ್ದೆ. ಎಷ್ಟು ಸಲ ಬರೆದು ಹರಿದೆನೋ.

ಸುತ್ತಿ ಬಳಸಿ ಹೇಳುವುದಿಲ್ಲ. ಆ ವಾರ ಅವರು ನೋಡಲು ಬಂದದ್ದು ಬೆಂಚನ್ನಲ್ಲ, ಬಣ್ಣವನ್ನಲ್ಲ. ನೂಕಾಡುವ ಜನರನ್ನೇ ನೋಡಲು ಬಂದಿದ್ದರು. ಎಷ್ಟು ಜನ ನೂಕಾಡಿದರೆ ಅಷ್ಟು ಬಸ್ಸು. ನೀನು ಅವರೆಲ್ಲರನ್ನೂ ಏರು ಇಳಿಸಿ ಕಳಿಸಿದೆ. ಕೆಳಗಿನ ನಿಲ್ದಾಣದಲ್ಲಿ ಆ ವಾರ ಅಷ್ಟೊಂದು ಜನ ಎಲ್ಲಿಂದ ಬಂದರು ಎಂದು ಇಲ್ಲಿ ಎಲ್ಲರಿಗೂ ಆಶ್ಚರ್ಯವಾಗಿತ್ತು. ಅವರು ನಮ್ಮ ಬೀದಿಯವರೇ ಅಮ್ಮಾ. ಕನ್ನಡಕದವರು ಕಂಡದ್ದನ್ನೇ ಬರೆದರು. ಅವರಿಗೆ ಅನುಮಾನ ಬರುವಂಥ ಒಂದು ಸುಳಿವನ್ನೂ ನೀನು ಉಳಿಸಿರಲಿಲ್ಲ. ಯಾವ ಕೆಲಸಕ್ಕೆ ಕೈ ಹಾಕಿದರೂ ಅಚ್ಚುಕಟ್ಟು ಮಾಡಿಯೇ ಬಿಡುವವಳು ನೀನು.

ಎಲ್ಲ ನಿನ್ನ ತಲೆಗೇ ಕಟ್ಟುತ್ತಿಲ್ಲ. ಪರಿಶೀಲನೆ ಎಂದು ಚೀಟಿ ಅಂಟಿಸಿ, ಏನನ್ನು, ಯಾಕೆ ಎಂದು ಬರೆಯದೆ ಹೋದದ್ದು ನಮ್ಮ ಸಮಿತಿ. ಆ ಸಮಿತಿಯಲ್ಲಿ ನಾನೂ ಇದ್ದೇನೆ.

ಮುಂದಿನದು ಕೇಳು. ಒಮ್ಮೆ ತೀರ್ಮಾನವಾದ ವಿಷಯವನ್ನು ವರ್ಷ ಕಳೆಯುವವರೆಗೆ ಸಭೆ ಮತ್ತೆ ಎತ್ತಿಕೊಳ್ಳುವುದಿಲ್ಲ. ತೀರ್ಮಾನಕ್ಕೆ ಆಧಾರವಾದ ಎಣಿಕೆಯೇ ತಪ್ಪಾಗಿತ್ತು ಎಂದು ಬಲ್ಲವರೊಬ್ಬರು ಸಭೆಗೆ ಬಂದು ಹೇಳಿದರೆ ಮಾತ್ರ ಎತ್ತಿಕೊಳ್ಳಬಹುದು. ನಾನು ಹೇಳುವ ಹಾಗಿಲ್ಲ. ಅರ್ಜಿ ನನ್ನ ತಾಯಿಯದು. ಮನೆಯವರ ವಿಷಯ ಬಂದಾಗ ಆ ಸದಸ್ಯರು ಸಭಾಂಗಣದಿಂದ ಹೊರಗೆ ಹೋಗಿ ನಿಲ್ಲಬೇಕು, ಅದು ನಿಯಮ. ನಾನು ಕೈ ಎತ್ತುವ ಮುಂಚೆಯೇ ಇದನ್ನು ನಿನ್ನಿಂದ ತಿಳಿಯಬಹುದಿತ್ತು. ತಿಂಗಳಾನುಗಟ್ಟಲೆ ಕೆಲಸ, ಕೆಲಸ ಎಂದು ನಿನ್ನ ಅಂಗಡಿಗೆ ಬರಲೇ ಇಲ್ಲ.

ಹೇಳಬೇಕಾದವಳು ನೀನು. ಸಭೆಯಲ್ಲಿ, ಎಲ್ಲರ ಎದುರು, ಗ್ಯಾಲರಿಯಲ್ಲಿ ನಮ್ಮ ಬೀದಿಯವರೂ ಕೂತಿರುವಾಗ. ನಿನ್ನ ಮಾತು ಕೇಳಿ ಏರು ಇಳಿದವರಿಗೆ, ಬಸ್ಸು ಹೋದದ್ದು ಅದರಿಂದಲೇ ಎಂದು ಇನ್ನೂ ಗೊತ್ತಿಲ್ಲ. ನೀನು ಬೇಡ ಅಂದರೆ ನನ್ನ ಬಾಯಿಂದ ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಆ ಕಾಗದವನ್ನು ಗುಮಾಸ್ತರಿಗೂ ತೋರಿಸಿಲ್ಲ. ನೀನು ಬಂದರೂ ಬಾರದಿದ್ದರೂ ನಾನು ನಿನ್ನ ಮಗಳೇ.

ನಿನ್ನ,
ಮಗಳು

*

ಏಪ್ರಿಲ್ 28

ಸದಸ್ಯರಿಗೆ,

ಓದಿದೆ.

ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿ ಕೂತೆ. ಎದುರಿಗೆ ಬೆಂಚು, ಬೆಂಚಿನ ಮೇಲೆ ನಾನು ಹೊಲಿದ ದಿಂಬು, ದಿಂಬಿನ ಮೇಲೆ ಮೂಲೆಮನೆ ಅಜ್ಜಿ. ಅವಳು ನನ್ನನ್ನು ನೋಡಿ ಕೈ ಬೀಸಿದಳು. ನನಗೆ ಕೈ ಎತ್ತಲಾಗಲಿಲ್ಲ.

ಈ ಬೀದಿಯಲ್ಲಿ ನನ್ನ ಮಾತು ಅಂದರೆ ಮಾತು. ಮದುವೆ, ಜಗಳ, ಪಾಲು, ಶಾಲೆ, ಏನೇ ಇದ್ದರೂ ‘ದರ್ಜಿಯಮ್ಮನ್ನ ಒಂದು ಮಾತು ಕೇಳೋಣ’ ಅನ್ನುತ್ತಾರೆ. ಅವರ ಎದುರು ನಿಂತು ಈ ಬಸ್ಸು ಕಳೆದವಳು ನಾನೇ ಎಂದು ಹೇಳಬೇಕೇ? ಅದೂ ನಿನ್ನ ಮೇಲೆ ಇಷ್ಟು ದಿನ ಕಂಡಕಂಡವರ ಹತ್ತಿರ ದೂರು ಹೇಳಿಕೊಂಡು ತಿರುಗಿದ ಮೇಲೆ?

ನಾನು ಬರುವುದಿಲ್ಲ. ಅರ್ಜಿ ವಾಪಸ್ಸು ತೆಗೆದುಕೊಂಡಿದ್ದೇನೆ ಎಂದು ಬರೆದುಕೋ.

ದರ್ಜಿ

*

ಮೇ 14

ಅಮ್ಮಾ,

ನೀನು ಬಂದೆ.

ಅರ್ಜಿ ವಾಪಸ್ಸಾಗಿದೆ ಎಂದು ನಾನು ಬರೆದುಕೊಂಡಿರಲಿಲ್ಲ. ಖಾಸಗಿ ಕಾಗದದಲ್ಲಿ ಬೇಡ ಅಂದದ್ದು ಲೆಕ್ಕಕ್ಕಿಲ್ಲ, ಅದಕ್ಕೆ ಬೇರೆ ಅರ್ಜಿ ಬೇಕು ಎಂದು ಗುಮಾಸ್ತರಿಗೆ ಹೇಳಿ ನಿನ್ನ ವಿಷಯವನ್ನು ಪಟ್ಟಿಯ ಕೊನೆಯಲ್ಲಿ ಇಡಿಸಿದ್ದೆ. ಆದರೂ ಆಸೆ ಇಟ್ಟುಕೊಂಡಿರಲಿಲ್ಲ. ನಿನ್ನೆ ಸಭೆ ಶುರುವಾದದ್ದೇ ಪಾರ್ಕಿನ ಗೇಟು ಯಾರು ಮುಚ್ಚಬೇಕು ಎಂಬ ಜಗಳದಿಂದ. ಆಮೇಲೆ ಒಬ್ಬರ ಮರದ ಕೊಂಬೆ ಇನ್ನೊಬ್ಬರ ತಾರಸಿಗೆ ಚಾಚಿದ ಕಥೆ. ಮೋರಿಯ ಮುಚ್ಚಳದ ಮೇಲೆ ಮಾತಾಡಿದವರು ಅಧ್ಯಕ್ಷರು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಇನ್ನೇನು ನಿನ್ನ ಸರದಿ ಅನ್ನುವಾಗ ಗ್ಯಾಲರಿಯ ಬಾಗಿಲಲ್ಲಿ ನಿನ್ನ ಕಂದು ಬಣ್ಣದ ಕೈಚೀಲ ಮೊದಲು ಕಾಣಿಸಿತು, ಆಮೇಲೆ ನೀನು. ಹಿಂದೆ ಮೂಲೆಮನೆ ಅಜ್ಜಿ, ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡ ಇಬ್ಬರು, ಆಮೇಲೆ ಬೀದಿಗೆ ಬೀದಿಯೇ.

ಅಷ್ಟರಲ್ಲಿ ಅಧ್ಯಕ್ಷರು ನನ್ನ ಕಡೆ ನೋಡಿ, ‘ಸದಸ್ಯೆ ದಯವಿಟ್ಟು ಹೊರಗಿರಬೇಕು’ ಎಂದರು. ಹೋದೆ. ಬಾಗಿಲು ಮುಚ್ಚಿದರು.

ಹೊರಗೆ ಒಂದು ಉದ್ದದ ಮರದ ಬೆಂಚಿದೆ. ಅದರ ಪಕ್ಕ ಮರಳು ತುಂಬಿದ ಕೆಂಪು ಬಕೆಟ್ಟುಗಳು. ಕಾವಲಿನವರು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ನನಗೆ ಕೂರಲಾಗಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟರೆ ನಿನ್ನ ದನಿ ಕೇಳುತ್ತಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಒಂದು ಸಲ ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ನಿನ್ನನ್ನು ನೋಡಿ ನಕ್ಕರೋ, ನಿನ್ನ ಜೊತೆ ನಕ್ಕರೋ ನನಗೆ ಹೇಗೆ ಗೊತ್ತಾಗಬೇಕು? ನನ್ನ ಕೈ ಬಾಗಿಲ ಹಿಡಿಗೆ ಹೋಯಿತು. ಕಾವಲಿನವರು ಪೇಪರ್ ಕೆಳಗಿಟ್ಟು, ‘ಬೇಡ ಮೇಡಂ’ ಎಂದರು. ಸರಿಯಾಗಿಯೇ ಹೇಳಿದರು. ಆ ನಿಯಮ ಇಷ್ಟು ಕಷ್ಟದ್ದು ಎಂದು ಇದುವರೆಗೆ ನನಗೆ ತಿಳಿದಿರಲಿಲ್ಲ.

ಆಮೇಲೆ ಗದ್ದಲ. ಬಾಗಿಲು ತೆರೆಯಿತು. ಮೊದಲು ಬಂದವಳು ನೀನೇ. ನನ್ನ ಎದುರು ನಿಂತೆ. ಚಳಿಗಾಲ ಕಳೆದು ಬೇಸಿಗೆ ಬಂದರೂ ನಾವು ಮುಖಾಮುಖಿ ಆಗಿರಲಿಲ್ಲ. ಏನೋ ಹೇಳುತ್ತೀಯ ಅಂದುಕೊಂಡೆ. ನನ್ನ ತೋಳು ಹಿಡಿದು ತಿರುಗಿಸಿ, ‘ಈ ಗುಂಡಿ ಸಡಿಲ ಆಗಿದೆ’ ಅಂದೆ. ಅಷ್ಟೇ. ಮೆಟ್ಟಿಲಿಳಿದು ಹೋದೆ.

ಸಭೆಯ ತೀರ್ಮಾನ ನಿನಗೆ ಗೊತ್ತೇ ಇದೆ. ಬರುವ ಸೋಮವಾರದಿಂದ ಬಸ್ಸು ಮತ್ತೆ ಮೇಲೆ ಬರುತ್ತದೆ, ಮತ್ತೆ ಒಂದು ವಾರ ಎಣಿಕೆ. ಜನ ಇದ್ದರೆ ಉಳಿಯುತ್ತದೆ. ಹೊಸ ಬಡಾವಣೆಯ ಮಕ್ಕಳ ಬಸ್ಸನ್ನು ಮುಟ್ಟುವುದಿಲ್ಲ. ನಿಮ್ಮ ಬೀದಿಗೆ ಬೇಕಾದರೆ ಹಳೆಯ ಚಿಕ್ಕ ಬಸ್ಸನ್ನು ರಿಪೇರಿ ಮಾಡಿಸುತ್ತಾರಂತೆ.

ನನಗೆ ಗೊತ್ತಿಲ್ಲದ್ದು ಒಂದೇ. ಒಳಗೆ ನೀನು ಏನು ಹೇಳಿದೆ? ಎಲ್ಲರೂ ಒಂದೊಂದು ತರಹ ಹೇಳುತ್ತಿದ್ದಾರೆ, ನನಗೆ ನಿನ್ನ ಬಾಯಿಂದಲೇ ಕೇಳಬೇಕು. ಬಸ್ಸು ಹತ್ತಿದ ದಿನ ನೀನೂ ಹತ್ತು ಅಂದಿದ್ದೆ. ಸೋಮವಾರ ಮೊದಲನೇ ಬಸ್ಸಿಗೆ ಬರಲೇ?

ನಿನ್ನ,
ಮಗಳು

*

ಮೇ 17

ಮಗಳೇ,

ಸೋಮವಾರ ಬರಬೇಡ. ಮಿಕ್ಕಿದ್ದನ್ನು ಓದಿ ಆಮೇಲೆ ಮುಖ ಊದಿಸಿಕೋ.

ನಾನು ಬಂದದ್ದು ಮೂಲೆಮನೆ ಅಜ್ಜಿಯಿಂದ. ಅವಳಿಗೆ ಒಬ್ಬಳಿಗೆ ಮೊದಲು ಹೇಳಿದೆ, ಅಳುತ್ತಲೇ ಹೇಳಿದೆ. ನನ್ನ ತಪ್ಪಿನಿಂದ ನಿನ್ನ ಆಸ್ಪತ್ರೆ ತಪ್ಪಿತು ಎಂದೆ. ಅವಳು ದಿಂಬನ್ನು ಒಮ್ಮೆ ತಟ್ಟಿ, ‘ಅಯ್ಯೋ ಹುಚ್ಚಿ, ಹೋಗಿ ಅಲ್ಲಿ ಹೇಳು, ನನ್ನ ಹತ್ರ ಬಸ್ಸಿದೆಯಾ?’ ಅಂದಳು. ತಾನೂ ಬರುತ್ತೇನೆಂದು ಹಟ ಹಿಡಿದಳು. ಅವಳನ್ನು ಹೊತ್ತು ಇಳಿಸಬೇಕಾದರೆ ಜನ ಬೇಕು, ಜನರಿಗೆ ಕಾರಣ ಹೇಳಬೇಕು. ಹೀಗೆ ಬೀದಿಗೆಲ್ಲ ಹೇಳಿದ್ದಾಯಿತು. ಕೆಲವರು ಮುಖ ತಿರುಗಿಸಿದರು. ತಿರುಗಿಸಲಿ, ಹಕ್ಕಿದೆ. ಮೂರನೇ ಮನೆಯವಳು ಇನ್ನೂ ಮಾತಾಡುತ್ತಿಲ್ಲ, ಗಿಡ್ಡ ಮಾಡಿಸಲು ಕೊಟ್ಟಿದ್ದ ಪ್ಯಾಂಟನ್ನು ವಾಪಸ್ಸು ತೆಗೆದುಕೊಂಡು ಹೋದಳು. ಆದರೆ ಅವಳೂ ಸಭೆಗೆ ಬಂದಿದ್ದಳು.

ಒಳಗೆ ಹೇಳಿದ್ದು ಇಷ್ಟು. ‘ಅಧ್ಯಕ್ಷರೇ, ಆ ವಾರ ನಿಲ್ದಾಣ ಖಾಲಿ ಮಾಡಿಸಿದವಳು ನಾನು. ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಿ, ಮಕ್ಕಳನ್ನ ಆಚೆ ಕಳಿಸ್ತೀವಲ್ಲ, ಹಾಗೆ ಮಾಡ್ದೆ. ನನ್ನ ಮಗಳು ಗೆದ್ದಿದ್ಳು, ನನಗೆ ಹೆಮ್ಮೆ ತಲೆಗೇರಿತ್ತು. ನೀವು ಬಂದಿದ್ದು ಮಕ್ಕಳನ್ನ ಎಣಿಸೋಕೆ ಅಂತ ಒಂದು ಮಾತು ಚೀಟೀಲಿ ಬರೆದಿದ್ರೆ, ಪಕ್ಕದ ಬೀದಿಯವರನ್ನೂ ತಂದು ನಿಲ್ಲಿಸ್ತಿದ್ದೆ.’ ಆಗ ನಕ್ಕರು. ಅಧ್ಯಕ್ಷರೂ ನಕ್ಕರು, ಗಂಟೆ ಹೊಡೆಯುವುದನ್ನೇ ಮರೆತರು. ಕನ್ನಡಕದವನು ಎದ್ದು ನಿಂತು, ದಿಂಬು ಇದ್ದದ್ದು ನಿಜ, ಅಂಥ ಚೊಕ್ಕ ನಿಲ್ದಾಣ ತಾನು ನೋಡಿಯೇ ಇಲ್ಲ ಎಂದ. ಪಾಪ, ಅವನನ್ನು ಸುಮ್ಮನೆ ಬೈದಿದ್ದೆ.

ಇನ್ನೊಂದು ಹೇಳಿದೆ, ಅದಕ್ಕೆ ಯಾರೂ ನಗಲಿಲ್ಲ. ‘ನನ್ನ ಮಗಳು ನಮ್ಮ ಬೀದಿ ವಿರುದ್ಧ ಕೈ ಎತ್ತಿದ್ಳು. ಕಂಡ ಲೆಕ್ಕಕ್ಕೆ ಸರಿಯಾಗೇ ಎತ್ತಿದ್ಳು. ಅವಳ ಮೇಲೆ ನಾನು ಹೇಳಿದ್ದ ದೂರನ್ನೆಲ್ಲ ಈ ಜನರ ಎದುರಿಗೇ ವಾಪಸ್ಸು ತಗೋತೀನಿ.’ ನೀನು ಆಚೆ ಇದ್ದೆಯಲ್ಲ, ಅದು ಒಳ್ಳೆಯದೇ ಆಯಿತು. ನಿನ್ನ ಮುಖ ನೋಡಿದ್ದರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಹೊರಗೆ ಬಂದ ಮೇಲೂ ಆಗಿದ್ದು ಅದೇ. ಹೇಳಬೇಕೆಂದಿದ್ದು ಬೇರೆ, ಕಣ್ಣಿಗೆ ಬಿದ್ದದ್ದು ಗುಂಡಿ.

ಸೋಮವಾರದಿಂದ ಎಣಿಕೆಯ ವಾರ. ಈ ಸಲ ಒಂದು ಕಸದ ಕಡ್ಡಿಯನ್ನೂ ಎತ್ತುವುದಿಲ್ಲ ಎಂದು ಬೀದಿಯವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬೆಂಚಿನ ಕೆಳಗೆ ಯಾರೋ ಕಡಲೆಸಿಪ್ಪೆ ಹಾಕಿದ್ದಾರೆ, ಅಂಗಡಿಯಿಂದ ನೇರ ಕಾಣುತ್ತದೆ. ಕೈ ತುರಿಸುತ್ತಿದೆ, ಕೂತಿದ್ದೇನೆ. ಅಜ್ಜಿಗೆ ಸೋಮವಾರ ಆಸ್ಪತ್ರೆ. ನೂಕಾಡುವವರು ನೂಕಾಡಲಿ. ಪಕ್ಕದ ಬೀದಿಯವರನ್ನು ಕರೆದಿಲ್ಲ, ಅದು ತಮಾಷೆಗೆ ಹೇಳಿದ ಮಾತು. ನಮ್ಮವರು ಎಷ್ಟಿದ್ದಾರೋ ಅಷ್ಟನ್ನು ಅವನು ಬರೆದುಕೊಳ್ಳಲಿ. ಅಷ್ಟು ಸಾಕಾಗುತ್ತದೆ, ನನಗೆ ಗೊತ್ತು.

ನೀನು ಬಂದರೆ ಏನಾಗುತ್ತದೆ ನೋಡು. ನಮ್ಮ ನಿಲ್ದಾಣದಲ್ಲಿ ಇಳಿಯುತ್ತೀಯ, ಸಂಜೆ ಅಲ್ಲೇ ಹತ್ತುತ್ತೀಯ. ಅವನು ನಿನ್ನನ್ನೂ ಬರೆದುಕೊಳ್ಳಬೇಕಾಗುತ್ತದೆ. ನಾಳೆ ಯಾರಾದರೂ, ಸದಸ್ಯೆಯೇ ಬಂದು ಲೆಕ್ಕ ಹೆಚ್ಚಿಸಿದಳು ಅಂದರೆ? ಒಮ್ಮೆ ನಾನು ಕಡಿಮೆ ಮಾಡಿ ಕೆಡಿಸಿದೆ, ನೀನು ಹೆಚ್ಚು ಮಾಡಿ ಕೆಡಿಸಬೇಡ.

ಬಸ್ಸು ಬಂದ ದಿನ ಬಾ ಎಂದು ಹೊಸ್ತಿಲಲ್ಲಿ ನಿಂತು ಹೇಳಿದ್ದೆನಲ್ಲ, ಆ ಮಾತನ್ನೂ ವಾಪಸ್ಸು ತೆಗೆದುಕೊಂಡಿದ್ದೇನೆ. ಅಭ್ಯಾಸ ಈಗ ಆಗಿದೆ. ನಿನ್ನ ಕೋಟು ಮೊಳೆಯ ಮೇಲೆ ನೇತಾಡುತ್ತಿದೆ, ಈ ಸೆಕೆಯಲ್ಲಿ ಯಾರಿಗೆ ಬೇಕು, ಆದರೂ ಇದೆ. ಆ ಸಡಿಲ ಗುಂಡಿಯ ಅಂಗಿಯನ್ನೇ ಹಾಕಿಕೊಂಡು ಬಾ. ಬೇರೆ ಯಾರ ಕೈಲೂ ಹೊಲಿಸಬೇಡ.

ಎಣಿಕೆ ಮುಗಿಯಲಿ. ಬಸ್ಸು ಉಳಿದರೆ ಬಸ್ಸಿನಲ್ಲಿ ಬಾ, ಉಳಿಯದಿದ್ದರೆ ನಡೆದು ಬಾ. ಯಾರೂ ಎಣಿಸದ ದಿನ ಬಾ.

ನಿನ್ನ,
ಅಮ್ಮ